ಚಂಡಮಾರುತ: ಕರಾವಳಿಯ ಮನೆಯವರು ವಹಿಸಬೇಕಾದ ಮುನ್ನೆಚ್ಚರಿಕೆ

ಕಾಸರಗೋಡು: ಅರಬ್ಬಿ ಸಮುದ್ರದಲ್ಲಿ ಮಳೆಗಾಲದ ಮುಂಚಿನ ಹಾಗೂ ನಂತರದ ತಿಂಗಳುಗಳು ಚಂಡಮಾರುತದ ಕಾಲ. 2021ರ ಮೇ ತಿಂಗಳಲ್ಲಿ ತೌಕ್ತೆ ಗುಜರಾತ್ ತೀರಕ್ಕೆ ಅಪ್ಪಳಿಸುವ ಮೊದಲೇ ಕಾಸರಗೋಡಿನಲ್ಲಿ ಕಡಲ್ಕೊರೆತ ಉಂಟುಮಾಡಿತ್ತು. ಆದುದರಿಂದ ಗಾಳಿ ದೂರದಲ್ಲಿದೆಯೆಂದು ಸುಮ್ಮನಿರುವಂತಿಲ್ಲ.

ಮುನ್ಸೂಚನೆ ಬಂದೊಡನೆ ಮನೆಯ ಮೇಲೆ ಚಾಚಿದ ಕೊಂಬೆ ಕಡಿಸಿ, ತೆಂಗಿನಕಾಯಿ ಇಳಿಸಿ, ಸಡಿಲವಾದ ತಗಡು ಬಿಗಿಗೊಳಿಸಬೇಕು. ಕಡಲ ನೀರು ನುಗ್ಗಿದರೆ ಬಾವಿ ಉಪ್ಪಾಗುತ್ತದೆ. ಕುಡಿಯುವ ನೀರನ್ನು ಮೊದಲೇ ತುಂಬಿಡಿ. ಅವಲಕ್ಕಿ, ಔಷಧ, ಟಾರ್ಚ್, ರೇಡಿಯೋ ಜತೆಗಿರಲಿ. ಪಡಿತರ ಚೀಟಿ, ಆಧಾರ್, ಜಾಗದ ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಮೊಬೈಲ್ ಚಾರ್ಜ್ ಮಾಡಿಕೊಳ್ಳಿ. ದನಗಳ ಹಗ್ಗ ಬಿಚ್ಚಿಬಿಡಿ.

ಸ್ಥಳಾಂತರದ ಸೂಚನೆ ಬಂದರೆ ವಿದ್ಯುತ್ ಮೈನ್ ಸ್ವಿಚ್, ಗ್ಯಾಸ್ ಬಂದ್ ಮಾಡಿ ಹಗಲಿನಲ್ಲೇ ಹೊರಡಿ. ಗಾಳಿ ಒಮ್ಮೆಲೇ ನಿಂತಿತೆಂದು ಹೊರಬರಬೇಡಿ. ಚಂಡಮಾರುತದ ಕಣ್ಣು ದಾಟಿದ ಮೇಲೆ ಎದುರು ದಿಕ್ಕಿನಿಂದ ಮತ್ತೆ ಬೀಸುತ್ತದೆ. ಕಡಿದುಬಿದ್ದ ತಂತಿ ಮುಟ್ಟಬೇಡಿ. ತುರ್ತು ನೆರವಿಗೆ 112 ಅಥವಾ 1077.