ಹಗುರ ಬಂಪರ್, ಭಾರದ ಬಾಡಿಗೆ

ಮಾರುತಿ 800 ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅದೇ ವರ್ಷ ಅಂಬಾಸಿಡರ್ ಕೂಡ ಕೊನೆಗೊಂಡಿತು. ಕಾರ್ಖಾನೆ ಬಾಗಿಲು ಹಾಕಿದರೂ ರಸ್ತೆಯ ಮೇಲಿದ್ದ ಕಾರುಗಳು ಓಡುವುದನ್ನು ಬಿಡಲಿಲ್ಲ. ಅಂಥದೊಂದು ಕಾರಿನ ಡೋರು ಸಂಡೂರು ತಾಲ್ಲೂಕಿನ ಯಶವಂತನಗರದಲ್ಲಿ ನಜ್ಜುಗುಜ್ಜಾಯಿತು ಎಂದುಕೊಳ್ಳಿ. ಮೇಸ್ತ್ರಿ ಹೇಳುವುದು ಒಂದೇ ಮಾತು: "ಗುಜರಿಯಲ್ಲಿ ನೋಡ್ರಿ." ಗುಜರಿ ಎಂದರೆ ಬೆಂಗಳೂರಿನ ಶಿವಾಜಿನಗರ, ಚೆನ್ನೈನ ಪುದುಪೇಟೆ, ಮುಂಬೈನ ಕುರ್ಲಾ, ದೆಹಲಿಯ ಮಾಯಾಪುರಿ. ಫೋನಿನಲ್ಲಿ ಫೋಟೊ ನೋಡಿ, ಚೌಕಾಸಿ ಮಾಡಿ ಡೋರನ್ನು ಅಗ್ಗಕ್ಕೆ ಕೊಂಡದ್ದಾಯಿತು. ಅದನ್ನು ಊರಿಗೆ ತರಿಸುವ ಬಾಡಿಗೆ ಕೇಳಿದಾಗ ಮಾತ್ರ ಉಳಿಸಿದ ದುಡ್ಡೆಲ್ಲ ಅಲ್ಲೇ ಕರಗುತ್ತದೆ. ಹಾಗಾಗದಂತೆ ತರಿಸುವ ದಾರಿಗಳು ಕೆಲವಿವೆ.

ತೂಕಕ್ಕಿಂತ ಜಾಗಕ್ಕೆ ದರ

ಸಾಗಣೆಯವರ ಬಳಿ ಎರಡು ತೂಕಗಳಿರುತ್ತವೆ. ಒಂದು ತಕ್ಕಡಿಯದು, ಇನ್ನೊಂದು ಟೇಪಿನದು. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವ ಕಿಲೋ ಲೆಕ್ಕವೇ ಟೇಪಿನ ತೂಕ. ಕೊರಿಯರ್‌ಗಳಲ್ಲಿ ಇದೇ ರೂಢಿ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ.

170 ಸೆಂ.ಮೀ. ಉದ್ದ, 50 ಅಗಲ, 40 ಎತ್ತರದ ಒಂದು ಬಂಪರ್ ಕಟ್ಟು ತೆಗೆದುಕೊಳ್ಳಿ. ಕೈಯಲ್ಲಿ ಎತ್ತಿದರೆ ಐದಾರು ಕಿಲೋ. ಲೆಕ್ಕದಲ್ಲಿ 68 ಕಿಲೋ. ಅದೇ 80 × 60 × 60ರ ಮರದ ಚೌಕಟ್ಟಿನಲ್ಲಿ ಕೂರಿಸಿದ ಎಂಜಿನ್ನಿಗೆ ಟೇಪಿನ ತೂಕ 58 ಕಿಲೋ ಬಂದರೂ ತಕ್ಕಡಿಯಲ್ಲಿ ಅದು ನೂರರ ಹತ್ತಿರ ತೂಗಬಹುದು. ಅಂದರೆ ಎಂಜಿನ್ನಿಗೂ ಬಂಪರಿಗೂ ತೂಕದಲ್ಲಿರುವಷ್ಟು ಅಂತರ ಬಾಡಿಗೆಯಲ್ಲಿಲ್ಲ! ಕಬ್ಬಿಣಕ್ಕೆ ಕೊಡುವ ದುಡ್ಡು ಸರಿ, ಬಂಪರಿನ ವಿಷಯದಲ್ಲಿ ನಾವು ಕೊಡುವುದು ಗಾಳಿಗೆ.

ಲಾರಿ ಪಾರ್ಸೆಲ್‌ನವರು ಸಾಮಾನ್ಯವಾಗಿ ಘನ ಅಡಿಯಲ್ಲಿ ಅಳೆದು, ಒಂದು ಘನ ಅಡಿಗೆ ಇಷ್ಟು ಕಿಲೋ ಎಂದು ಹಿಡಿಯುತ್ತಾರೆ. ಆರು ಹಿಡಿಯುವವರೂ ಇದ್ದಾರೆ, ಹತ್ತು ಹಿಡಿಯುವವರೂ ಇದ್ದಾರೆ. ಮೇಲಿನ ಬಂಪರ್ ಸುಮಾರು 12 ಘನ ಅಡಿ. ಒಬ್ಬರಲ್ಲಿ ಅದು 72 ಕಿಲೋ, ಇನ್ನೊಬ್ಬರಲ್ಲಿ 120. ಆದ್ದರಿಂದ "ಕಿಲೋಗೆ ಎಷ್ಟು?" ಎಂದು ಕೇಳಿ ಸುಮ್ಮನಾಗಬಾರದು. "ಅಡಿಗೆ ಎಷ್ಟು ಕಿಲೋ ಹಿಡಿತೀರಿ?" ಎಂದು ಕೇಳಬೇಕು. ಈ ಪ್ರಶ್ನೆ ಕೇಳಿದ ಗಿರಾಕಿಯನ್ನು ಬುಕಿಂಗ್ ಗುಮಾಸ್ತ ಸ್ವಲ್ಪ ಬೇರೆಯಾಗಿಯೇ ನೋಡುತ್ತಾನೆ.

ಗಾಳಿ ಕಡಿಮೆ ಮಾಡುವುದೇ ಮೊದಲ ಉಳಿತಾಯ. ಎರಡು ಬಂಪರ್ ಬೇಕಿದ್ದರೆ ಒಂದರೊಳಗೊಂದು ಕೂರಿಸಿ ಒಂದೇ ಕಟ್ಟು ಮಾಡಿಸಿ. ಡೋರಿನಿಂದ ಕನ್ನಡಿ, ಹ್ಯಾಂಡಲ್ ಬಿಚ್ಚಿಸಿದರೆ ದಪ್ಪ ಇಳಿಯುತ್ತದೆ. ಬಾನೆಟ್, ಡೋರು, ಫೆಂಡರ್‌ಗಳನ್ನು ಒಂದಕ್ಕೊಂದು ಒರಗಿಸಿ ಕಟ್ಟಬಹುದು. ಸೈಲೆನ್ಸರ್ ಜೋಡಣೆಯಲ್ಲಿ ಬೋಲ್ಟ್ ಇರುವಲ್ಲಿ ಬಿಚ್ಚಿಸಿಕೊಳ್ಳಿ.

ಲಾರಿ ಪಾರ್ಸೆಲ್

ಎಂಜಿನ್, ಗೇರ್‌ಬಾಕ್ಸ್, ಆ್ಯಕ್ಸಲ್‌ಗಳಿಗೆ ಇದಕ್ಕಿಂತ ಅಗ್ಗದ ದಾರಿ ಸಿಗುವುದು ಕಷ್ಟ. ಹಲವರ ಸರಕನ್ನು ಒಂದೇ ಲಾರಿಗೆ ತುಂಬಿ, ಊರೂರಿನ ಗೋದಾಮುಗಳಲ್ಲಿ ಇಳಿಸುತ್ತ ಹೋಗುವ ವ್ಯವಸ್ಥೆ ಇದು. ಕರ್ನಾಟಕಕ್ಕೆ ಇದರ ದೊಡ್ಡ ಹೆಸರು ವಿಆರ್‌ಎಲ್. ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದು ಲಾರಿಯಿಂದ ಶುರು ಮಾಡಿದ್ದು. ಬೆಂಗಳೂರಿನ ಕಲಾಸಿಪಾಳ್ಯದಲ್ಲಿ ಇಂಥ ಬುಕಿಂಗ್ ಆಫೀಸುಗಳು ಸಾಲಾಗಿವೆ. ಹಳೆ ಬಿಡಿಭಾಗದ ಅಂಗಡಿಗಳವರಿಗೆ ಅಲ್ಲಿ ದಿನದ ವ್ಯವಹಾರ. ಅಂಗಡಿಯವನ ಮೂಲಕವೇ ಬುಕ್ ಮಾಡಿಸಿದರೆ ಅವನಿಗೆ ಸಿಗುವ ದರ ನಿಮಗೂ ಸಿಗಬಹುದು.

ಬೆಂಗಳೂರಿನಿಂದ ಸರಕು ತುಮಕೂರು, ಚಿತ್ರದುರ್ಗ ದಾಟಿ, ಕೂಡ್ಲಿಗಿಯ ಮೇಲೆ ಹೊಸಪೇಟೆಗೆ ಬರುತ್ತದೆ. ಮನೆ ಬಾಗಿಲಿಗೆ ಬೇಕೆಂದರೆ ದರ ಏರುತ್ತದೆ, ಗೋದಾಮಿನಲ್ಲಿ ಬಿಡಿಸಿಕೊಳ್ಳುತ್ತೇವೆಂದರೆ ಇಳಿಯುತ್ತದೆ. ಆದ್ದರಿಂದ ಹೊಸಪೇಟೆ, ಸಂಡೂರು, ಕೂಡ್ಲಿಗಿ ಈ ಮೂರರಲ್ಲಿ ಯಾವ ಊರಲ್ಲಿ ಆ ಕಂಪನಿಯ ಗೋದಾಮಿದೆ ಎಂದು ಮೊದಲೇ ತಿಳಿದುಕೊಂಡು ಅಲ್ಲಿಗೇ ಬುಕ್ ಮಾಡಿಸಬೇಕು. ಅಲ್ಲಿಂದ ಊರಿಗೆ ಹೊರಟ ಲಗೇಜ್ ಆಟೊದಲ್ಲೋ ಟಾಟಾ ಏಸ್‌ನಲ್ಲೋ ಒಂದು ಮೂಲೆ ಕೇಳಿದರೆ ಸಾಕು, ಇಡೀ ಗಾಡಿ ಬೇಕಿಲ್ಲ.

ರಸೀದಿಯ ಮೇಲೆ ಬಾಡಿಗೆಯ ಜೊತೆಗೆ ಹಮಾಲಿ, ರಸೀದಿ ಚಾರ್ಜು ಎಂದೆಲ್ಲ ಬೇರೆ ಬೇರೆ ಸಾಲುಗಳು ಸೇರಿರುತ್ತವೆ. ಒಟ್ಟು ಎಷ್ಟೆಂದು ಕೇಳಿಯೇ ಒಪ್ಪಬೇಕು. ಹಣವನ್ನು ಮುಂಚೆಯೇ ಕಟ್ಟಿದರೆ 'ಪೇಯ್ಡ್', ಬಿಡಿಸಿಕೊಳ್ಳುವಾಗ ಕಟ್ಟಿದರೆ 'ಟು-ಪೇ'. ಗುರುತಿಲ್ಲದ ಅಂಗಡಿಯಿಂದ ತರಿಸುವಾಗ ಟು-ಪೇ ಮೇಲು ಎಂಬುದು ನನ್ನ ಅಭಿಪ್ರಾಯ: ಬಾಡಿಗೆಯ ಲೆಕ್ಕ ಎಷ್ಟಾಯಿತೆಂದು ನಿಮ್ಮ ಕಣ್ಣೆದುರೇ ಇರುತ್ತದೆ.

ವಾಪಸ್ ಲಾರಿ

ನಮ್ಮ ಭಾಗಕ್ಕೆ ಒಂದು ಅನುಕೂಲವಿದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಲಾರಿಗಳು ತುಂಬಿಕೊಂಡು ದೂರದ ನಗರಗಳಿಗೆ ಹೋಗುತ್ತವೆ. ಹೋದ ಲಾರಿ ಖಾಲಿ ಬಂದರೆ ಡೀಸೆಲ್ಲೂ ದಂಡ, ಟೋಲೂ ದಂಡ. ಹಾಗಾಗಿ ವಾಪಸ್ ಬರುವಾಗ ಸಿಕ್ಕ ಲೋಡನ್ನು ಕಡಿಮೆ ಬಾಡಿಗೆಗೂ ಒಪ್ಪುತ್ತಾರೆ. ನಾಲ್ಕು ಗ್ಯಾರೇಜಿನವರು ಸೇರಿ ಹತ್ತಾರು ಎಂಜಿನ್, ಹೌಸಿಂಗ್ ತರಿಸುವಾಗ ಲಾರಿ ಬ್ರೋಕರ್ ಆಫೀಸಿನಲ್ಲಿ ವಿಚಾರಿಸುವುದು ಲಾಭದ ಮಾತು.

ಒಂದೇ ಡೋರಿಗಾಗಿ ಡ್ರೈವರ್ ಕೈಗೆ ದುಡ್ಡಿಟ್ಟು ಕಳಿಸುವುದೂ ನಡೆಯುತ್ತದೆ. ಅಗ್ಗವೇ, ಆದರೆ ರಸೀದಿ ಇಲ್ಲ. ತೆರೆದ ಗಾಡಿಯಾದರೆ ತಾಡಪಾಲಿನ ಕೆಳಗೆ ಏನಾಯಿತೆಂದು ಕೇಳುವ ಹಕ್ಕೂ ಇಲ್ಲ.

ಈ ರಸ್ತೆಗಳು ಬೇರೊಂದು ಕಾಲವನ್ನೂ ಕಂಡಿವೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದಾಗ ಅದಿರಿನ ಲಾರಿಗಳು ಸಾಲುಸಾಲಾಗಿ ನಿಂತುಬಿಟ್ಟವು. ಹಾಗೆ ನಿಂತ ಗಾಡಿ ಬಿಡಿಬಿಡಿಯಾಗಿ ಮಾರಾಟಕ್ಕೆ ಬಂದರೆ ಸರಕಿನ ದಿಕ್ಕು ತಿರುಗುತ್ತದೆ. ಇಲ್ಲಿಂದ ಹೊರಗೆ ಕಳಿಸುವವನಿಗೂ ಇದೇ ಲೆಕ್ಕಾಚಾರ.

ಬಸ್ಸು

ಬಂಪರ್, ಹೆಡ್‌ಲೈಟ್, ರೇಡಿಯೇಟರ್‌ನಂಥವು ನಾಳೆಯೇ ಬೇಕೆಂದರೆ ಬಸ್ಸು. ರಾಜ್ಯದ ಸಾರಿಗೆ ನಿಗಮಗಳು 2021ರ ಫೆಬ್ರುವರಿಯಲ್ಲಿ 'ನಮ್ಮ ಕಾರ್ಗೊ' ಸೇವೆ ಆರಂಭಿಸಿದವು. ಹೊಸಪೇಟೆ ವಿಭಾಗ ಕಲ್ಯಾಣ ಕರ್ನಾಟಕ ನಿಗಮಕ್ಕೆ ಸೇರಿದೆ. ರಾತ್ರಿಯ ಖಾಸಗಿ ಸ್ಲೀಪರ್ ಬಸ್ಸುಗಳೂ ಪಾರ್ಸೆಲ್ ಒಯ್ಯುತ್ತವೆ. ಬಸ್ಸಿನ ಡಿಕ್ಕಿಗೆ ಹಿಡಿಯುವುದಾದರೆ ಮಾತ್ರ ಈ ಮಾತು. ಎಂಜಿನ್ ತಂದು ನಿಲ್ಲಿಸಿದರೆ ಕಂಡಕ್ಟರ್ ಮುಖ ತಿರುಗಿಸುತ್ತಾನೆ.

ರೈಲು

ದೆಹಲಿ, ಕೋಲ್ಕತ್ತದಷ್ಟು ದೂರವಾದರೆ ರೈಲಿನ ದರವನ್ನೂ ಕೇಳಿ ನೋಡಬೇಕು. ಸಂಡೂರು ಸೀಮೆಯ ಹಳಿಗಳ ಮುಖ್ಯ ಕೆಲಸ ಅದಿರು ಸಾಗಿಸುವುದು, ಆದರೆ ಒಂದು ಬಾನೆಟ್ಟಿಗಾಗಿ ಗೂಡ್ಸ್ ವ್ಯಾಗನ್ ಸಿಗದು. ನಮಗೆ ಒದಗುವುದು ಪ್ರಯಾಣಿಕರ ರೈಲಿನ ಪಾರ್ಸೆಲ್ ಬೋಗಿ. ಹೊಸಪೇಟೆಯ ಮೇಲೆ ಹೌರಾ–ವಾಸ್ಕೊ ಅಮರಾವತಿ ಎಕ್ಸ್‌ಪ್ರೆಸ್ ಹಾಗೂ ಬೆಂಗಳೂರಿನ ಕಡೆಗೆ ಹಂಪಿ ಎಕ್ಸ್‌ಪ್ರೆಸ್ ಓಡುತ್ತವೆ. ರೈಲ್ವೆಯವರೂ ಟೇಪು ಹಿಡಿಯುತ್ತಾರೆ. ಸರಕು ಬಂದ ಮೇಲೆ ಬೇಗ ಬಿಡಿಸಿಕೊಳ್ಳದಿದ್ದರೆ ಗಂಟೆಯ ಲೆಕ್ಕದಲ್ಲಿ ದಂಡ. ರೈಲು ಬದಲಾಗಬೇಕಾದ ಕಡೆ ಕಟ್ಟು ಪ್ಲಾಟ್‌ಫಾರ್ಮಿನಲ್ಲೇ ದಿನ ಕಳೆಯುವುದೂ ಉಂಟು.

ರೈಲಲ್ಲದೆ ಅಂಚೆಯೂ ಇದೆ: ಸ್ಪೀಡ್ ಪೋಸ್ಟ್‌ನಲ್ಲಿ 35 ಕಿಲೋವರೆಗೆ ಕಳಿಸಬಹುದು. ಆಲ್ಟರ್ನೇಟರ್, ಸ್ಟಾರ್ಟರ್‌ನಂಥ ಸಣ್ಣ, ಗಟ್ಟಿ ವಸ್ತುಗಳಿಗೆ ಅದು ಸಾಕು.

ಕಟ್ಟುವ ಕೆಲಸ

ಎಂಜಿನ್, ಗೇರ್‌ಬಾಕ್ಸುಗಳಿಂದ ಎಣ್ಣೆ ಪೂರ್ತಿ ಬಸಿದಿರಬೇಕು. ತೂತುಗಳಿಗೆ ಬಟ್ಟೆ ತುರುಕಿ ಟೇಪು ಸುತ್ತಬೇಕು. ಎಣ್ಣೆ ಸೋರಿ ಪಕ್ಕದವರ ಬಟ್ಟೆ ಗಂಟು ಹಾಳಾದರೆ ಜಗಳ ನಿಮ್ಮ ತಲೆಗೆ. ಎಂಜಿನ್ನನ್ನು ಮರದ ಹಲಗೆಯ ಮೇಲೆ ಬಿಗಿಯದೆ ಕಳಿಸಿದರೆ ಹಮಾಲರು ಉರುಳಿಸಿಯೇ ಇಳಿಸುತ್ತಾರೆ, ಅದು ಅವರ ತಪ್ಪಲ್ಲ. ಶೀಟಿನ ಭಾಗಗಳ ಮೂಲೆಗೆ ಹಳೆ ಟ್ಯೂಬಿನ ತುಂಡು, ಮೇಲೆ ಗೋಣಿತಟ್ಟು. ನಮ್ಮ ಕಡೆಯಿಂದ ಕಳಿಸುವವರಿಗೆ ಕಂಪ್ಲಿ ಸೀಮೆಯ ಭತ್ತದ ಹುಲ್ಲಿಗಿಂತ ಅಗ್ಗದ ಮೆತ್ತೆ ಇನ್ನೊಂದಿಲ್ಲ. ಮುಂದಿನ ಗಾಜನ್ನು ಎಂದೂ ಮಲಗಿಸಿ ಕಳಿಸಬಾರದು, ಚೌಕಟ್ಟಿನಲ್ಲಿ ನಿಲ್ಲಿಸಿಯೇ ಕಳಿಸಬೇಕು. ಏರ್‌ಬ್ಯಾಗಿನಲ್ಲಿ ಸಿಡಿಯುವ ರಾಸಾಯನಿಕವಿದೆ, ಬ್ಯಾಟರಿಯಲ್ಲಿ ಆಸಿಡ್ ಇದೆ; ಇವೆರಡನ್ನೂ ಹಳೆಯವು ತರಿಸಲೇಬೇಡಿ.

ಕಾಗದಪತ್ರ

ಕದ್ದ ನಮ್ಮ ಕಾರಿನ ಚಕ್ರವನ್ನು ಗುಜರಿಯಲ್ಲಿ ನಮಗೇ ಮಾರುತ್ತಾರೆ ಎಂಬ ತಮಾಷೆ ಹಳೆಯದು. ಕದ್ದ ವಾಹನಗಳ ಬಿಡಿಭಾಗಕ್ಕೆ ಕುಖ್ಯಾತವಾಗಿದ್ದ ಮೀರತ್‌ನ ಸೋತಿಗಂಜ್ ಮಾರುಕಟ್ಟೆಯನ್ನು 2021ರ ಡಿಸೆಂಬರ್‌ನಲ್ಲಿ ಮುಚ್ಚಿಸಿದ್ದು ಮಾತ್ರ ತಮಾಷೆಯಲ್ಲ. ಬಿಲ್ ಇಲ್ಲದ ಎಂಜಿನ್ ತರಿಸಬೇಡಿ. ಬಿಲ್ಲಿನಲ್ಲಿ ಎಂಜಿನ್ ನಂಬರ್ ಬರೆಸಿ, ಮೂಲ ಕಾರಿನ ಆರ್‌ಸಿ ಪ್ರತಿ ಕೇಳಿ. ಕೂರಿಸಿದ ಮೇಲೆ ನಿಮ್ಮ ಆರ್‌ಸಿಯಲ್ಲೂ ಆ ನಂಬರ್ ಬದಲಾಗಬೇಕು. ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕಾಗುತ್ತದೆ.

ಒಡೆದು ಬಂದರೆ

ಗೋದಾಮಿನಲ್ಲೇ ಕಟ್ಟು ಬಿಚ್ಚಿ ನೋಡಿ. ಹಾನಿಯಾಗಿದ್ದರೆ ಸಹಿ ಹಾಕುವ ಮೊದಲು ಅವರ ಪ್ರತಿಯ ಮೇಲೆ ಬರೆದು, ಫೋಟೊ ತೆಗೆದುಕೊಳ್ಳಿ. 2007ರ ರಸ್ತೆ ಸಾಗಣೆ ಕಾಯ್ದೆ ಮತ್ತು ಅದರ 2011ರ ನಿಯಮಗಳ ಪ್ರಕಾರ, ಹೆಚ್ಚಿನ ಬೆಲೆಗೆ ಹೊಣೆ ಹೊರಿಸಿ ಬುಕ್ ಮಾಡದಿದ್ದರೆ ಲಾರಿ ಕಂಪನಿಯ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಬಾಡಿಗೆ 400 ರೂಪಾಯಿಯಾದರೆ ಪರಿಹಾರ 4,000 ದಾಟದು. ರೈಲ್ವೆಯ ಪಾರ್ಸೆಲ್ಲಿಗೆ, ಬೆಲೆ ಘೋಷಿಸಿ ಹೆಚ್ಚುವರಿ ಶುಲ್ಕ ಕಟ್ಟದಿದ್ದರೆ, ಕಿಲೋಗೆ 50 ರೂಪಾಯಿ. ಐದು ಕಿಲೋ ಬಂಪರಿಗೆ 250! ಲಾರಿ ಕಂಪನಿಯ ಮೇಲೆ ದಾವೆ ಹೂಡಬೇಕಾದರೆ, ಸರಕು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಅಷ್ಟು ದಿನ ಆ ರಸೀದಿ ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಇರಲಿ.