ಗಾಳಿಯನ್ನೇ ಔಷಧವೆಂದ ದವಾಖಾನೆ

ನಮ್ಮ ಹೊಸರಿತ್ತಿಯ ಕಡೆ ಆಸ್ಪತ್ರೆಗೆ ‘ದವಾಖಾನಿ’ ಎಂದೇ ರೂಢಿ. ದವಾ ಎಂದರೆ ಔಷಧ, ಖಾನೆ ಎಂದರೆ ಮನೆ. ಔಷಧ ದೊರೆಯುವ ಮನೆ ಎಂಬುದು ಆ ಶಬ್ದದ ಅರ್ಥ. ಆದರೆ ನೂರೈವತ್ತು ವರ್ಷಗಳ ಹಿಂದೆ ಮನೆಯೇ ಔಷಧವೆಂದು ನಂಬಿ ಆಸ್ಪತ್ರೆ ಕಟ್ಟಿದವರಿದ್ದರು. ಅವರಿಗೆ ಆ ನಂಬಿಕೆ ಬಂದುದು ಸೈನಿಕರ ಸಾವಿನಿಂದ. ರಣದಲ್ಲಿ ಕಾದಿ ಮಡಿದವರಿಂದಲ್ಲ, ಮಂಚದ ಮೇಲೆ ಮಡಿದವರಿಂದ.

1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳನ್ನು ಇಸ್ತಾಂಬುಲಿನ ಎದುರು ದಡದ ಸ್ಕುಟಾರಿಗೆ ಸಾಗಿಸುತ್ತಿದ್ದರು. ಅಲ್ಲಿ ಆಸ್ಪತ್ರೆಯೆಂದು ಒದಗಿದ್ದು ತುರ್ಕರ ದಂಡಿನ ಬ್ಯಾರಕ್ಕು. ನಡುವೆ ಅಂಗಳ, ಸುತ್ತ ಮುಗಿಯದ ಪಡಸಾಲೆಗಳು, ನೆಲದಡಿಯಲ್ಲಿ ಕಟ್ಟಿಕೊಂಡ ಚರಂಡಿ. 1855ರ ಫೆಬ್ರುವರಿಯಲ್ಲಿ ರೋಗಿಗಳಲ್ಲಿ ನೂರಕ್ಕೆ 42 ಮಂದಿ ತೀರಿಕೊಂಡರು. ಮಾರ್ಚಿಯಲ್ಲಿ ಬಂದ ನೈರ್ಮಲ್ಯ ಆಯೋಗದವರು ಚರಂಡಿ ತೊಳೆಸಿ, ಗೋಡೆಗೆ ಸುಣ್ಣ ಬಳಿಸಿ, ಗಾಳಿಗೆ ದಾರಿ ಮಾಡಿದರು. ಜೂನಿನಲ್ಲಿ ಸಾವು ನೂರಕ್ಕೆ 2ಕ್ಕೆ ಇಳಿದಿತ್ತು. ಅಲ್ಲಿ ಶುಶ್ರೂಷೆಗೆ ನಿಂತಿದ್ದ ಫ್ಲಾರೆನ್ಸ್ ನೈಟಿಂಗೇಲರು ಈ ಅಂಕಿಗಳನ್ನು ಬಾಳಿಡೀ ಮರೆಯಲಿಲ್ಲ.

ಭಾರತದ ದಂಡುಗಳ ಸ್ಥಿತಿಯನ್ನು ವಿಚಾರಿಸಲು 1859ರಲ್ಲಿ ರಾಯಲ್ ಕಮಿಷನ್ ನೇಮಕವಾದಾಗ ಊರೂರಿಗೆ ಪ್ರಶ್ನಾವಳಿ ಕಳುಹಿಸಿದವರು ಇದೇ ನೈಟಿಂಗೇಲರು. ಈ ನೆಲವನ್ನು ಅವರು ಒಮ್ಮೆಯೂ ಮೆಟ್ಟಿದವರಲ್ಲ. ಬೆಂಗಳೂರು, ಬಳ್ಳಾರಿ, ಬೆಳಗಾವಿಗಳಿಂದಲೂ ಉತ್ತರಗಳು ಹೋದವು. 1863ರ ವರದಿಯ ಲೆಕ್ಕದಂತೆ ಇಲ್ಲಿಯ ಗೋರಾ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಸಾವು. ಇಪ್ಪತ್ತು ತಿಂಗಳಿಗೊಮ್ಮೆ ಪ್ರತಿ ರೆಜಿಮೆಂಟಿನ ಒಂದು ಕಂಪನಿಯೇ ಅಳಿಯುತ್ತಿದೆಯೆಂದು ಆಕೆ ಬರೆದರು.

ಹಾಗಾದರೆ ಆಸ್ಪತ್ರೆ ಹೇಗಿರಬೇಕು? ಒಂದೇ ದೊಡ್ಡ ಭವನ ಬೇಡ. ಬಿಡಿಬಿಡಿ ತೊಲೆಮನೆಗಳಂತೆ ವಾರ್ಡುಗಳು, ಅವನ್ನು ಕೂಡಿಸುವ ಮೊಗಸಾಲೆ. ವಾರ್ಡಿನ ಇಕ್ಕೆಲಗಳಲ್ಲಿ ಎದುರುಬದುರಾಗಿ ಎತ್ತರದ ಕಿಟಕಿಗಳು, ಎರಡು ಮಂಚಕ್ಕೆ ಒಂದಾದರೂ ಇರಬೇಕು. ಒಬ್ಬ ರೋಗಿಗೆ ತಂಪು ದೇಶದಲ್ಲಿಯೇ 1,500 ಘನ ಅಡಿಗಳಷ್ಟು ಅವಕಾಶ. ಪಾಯಖಾನೆ ವಾರ್ಡಿನ ತುದಿಯಲ್ಲಿ, ನಡುವೆ ಗಾಳಿಯಾಡುವ ಸಣ್ಣ ಅಂಕಣವಿಟ್ಟು. ನಮ್ಮ ಬಿಸಿಲುನಾಡಿಗೆ ಬಂದಾಗ ಇದಕ್ಕೆ ಎತ್ತರದ ಜಗಲಿಯೂ ಅಗಲವಾದ ವರಾಂಡವೂ ಸೇರಿದವು. ಇಷ್ಟೆಲ್ಲ ಏಕೆಂದರೆ, ಕೊಳೆತ ವಸ್ತುವಿನಿಂದೇಳುವ ಕೆಟ್ಟ ಗಾಳಿಯೇ ರೋಗದ ಮೂಲವೆಂದು ಆಗಿನವರ ತಿಳಿವಳಿಕೆ. ಆ ತಿಳಿವಳಿಕೆ ತಪ್ಪು. ಆದರೂ ಕಿಟಕಿ ತಪ್ಪಲ್ಲ. ಈಚೆಗೆ ಬಂಧುವೊಬ್ಬರ ಆರೈಕೆಗೆಂದು ಒಂದು ಹೊಸ ಆಸ್ಪತ್ರೆಯ ಕಿಟಕಿಯಿಲ್ಲದ ಕೋಣೆಯಲ್ಲಿ ಮೂರು ರಾತ್ರಿ ಕಳೆದೆ. ಕರೆಂಟು ಹೋದಾಗಲೆಲ್ಲ ನಮ್ಮ ಹಳೆಯ ಮಣ್ಣಿನ ಮನೆಯ ಬೆಳಕಿಂಡಿ ನೆನಪಾಗುತ್ತಿತ್ತು.

ಈ ಮಾದರಿಗೆ ಪ್ಯಾರಿಸಿನಲ್ಲಿ 1854ರಲ್ಲಿ ತೆರೆದ ಲಾರಿಬ್ವಾಸಿಯೇರ್ ಆಸ್ಪತ್ರೆಯೇ ಹೆಸರುವಾಸಿ. ಬೆಂಗಳೂರು ದಂಡಿನ ಬೌರಿಂಗ್ ಆಸ್ಪತ್ರೆಯನ್ನು ಅದರ ನಕ್ಷೆಯಂತೆಯೇ ಕಟ್ಟಿ 1868ರಲ್ಲಿ ತೆರೆದರು. ಮೈಸೂರಿನ ಕಮಿಷನರಾಗಿದ್ದ ಬೌರಿಂಗರ ಹೆಸರು ಅದಕ್ಕೆ. ಅದು ಸೈನಿಕರದಲ್ಲ, ದಂಡಿನ ಪ್ರಜೆಗಳ ಆಸ್ಪತ್ರೆ ಎಂಬುದು ವಿಶೇಷ: ಸೈನಿಕರ ಸಾವು ಕಲಿಸಿದ ಪಾಠ ಸಾಮಾನ್ಯರ ಪಾಲಿಗೂ ಬಂದಿತು.

ಎಲ್ಲರಿಗೂ ಅದು ಒಂದೇ ಅಳತೆಯಲ್ಲಿ ಬರಲಿಲ್ಲ. 1873ರ ಸುಮಾರಿಗೆ ಗೋರಾ ಸೈನಿಕರ ಸಾವು ಸಾವಿರಕ್ಕೆ 18ಕ್ಕೆ ಇಳಿದಿತ್ತು. ಅದೇ ಸೈನ್ಯದ ನಮ್ಮ ಸಿಪಾಯಿಗೆ ಮಾತ್ರ ವರದಿಯ ಕಾಲದಲ್ಲಿ ಬ್ಯಾರಕ್ಕೇ ಇರಲಿಲ್ಲ. ಗುಡಿಸಲಿಗೆಂದು ಅಲ್ಪ ಹಣ ಕೊಟ್ಟು, ನೀನೇ ಕಟ್ಟಿಕೋ ಎನ್ನುತ್ತಿದ್ದರು. ಕಾಯಿಲೆ ಬಿದ್ದರೂ ಅವನ ಊಟದ ಏರ್ಪಾಡು ಅವನದೇ. ನೈಟಿಂಗೇಲರು ಇದನ್ನೂ ಮುಚ್ಚಿಡದೆ ಬರೆದಿದ್ದಾರೆಂಬುದನ್ನು ಹೇಳಲೇಬೇಕು.

ತೆರೆದ ಕಿಟಕಿಯಿಂದ ಗಾಳಿಯೊಡನೆ ಸೊಳ್ಳೆಯೂ ಬರುತ್ತದೆಂಬುದು ಮಾತ್ರ ಯಾರ ಲೆಕ್ಕದಲ್ಲಿಯೂ ಇರಲಿಲ್ಲ. 1883ರಲ್ಲಿ ಬೆಂಗಳೂರು ದಂಡಿನಲ್ಲಿ ವೈದ್ಯರಾಗಿದ್ದ ತರುಣ ರೊನಾಲ್ಡ್ ರಾಸ್, ತಮ್ಮ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳು ಹೊರಳಾಡುವುದನ್ನು ಕಂಡರು. ತೊಟ್ಟಿಯನ್ನು ಬೋರಲು ಹಾಕಿಸಿದರು. ಸೊಳ್ಳೆಗಳ ಕಾಟ ಇಳಿಯಿತು. ಸೊಳ್ಳೆಗೂ ಮಲೇರಿಯಕ್ಕೂ ಇರುವ ನಂಟನ್ನು ಅವರು ಸಿಕಂದರಾಬಾದಿನಲ್ಲಿ ಕಂಡುಹಿಡಿದದ್ದು ಇನ್ನೂ ಹದಿನಾಲ್ಕು ವರ್ಷಗಳ ಮೇಲೆ. ಅಧಿಕಾರಿಗಳ ಭೋಜನಶಾಲೆಯ ತೊಟ್ಟಿಗಳನ್ನೂ ಹೀಗೆಯೇ ಮಾಡೋಣವೆಂದು ಅವರು ಅಡ್ಜುಟೆಂಟರಿಗೆ ಹೇಳಿದರಂತೆ. ಸೊಳ್ಳೆಯೂ ಯಾವುದೋ ಉದ್ದೇಶಕ್ಕಾಗಿಯೇ ಸೃಷ್ಟಿಯಾಗಿದೆ, ಸಹಿಸಿಕೊಳ್ಳುವುದು ನಮ್ಮ ಧರ್ಮ ಎಂದು ಆತ ಒಪ್ಪಲಿಲ್ಲ.