ಹೈಫಾದ ಸವಾರನ ಜಾಡಿನಲ್ಲಿ

ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಮುಸ್ಲಿಮ್ ಸವಾರರೂ ಇದ್ದರು. 1914ರಲ್ಲಿ ಈಜಿಪ್ಟಿಗೆ ತೆರಳಿದ ಈ ದಳವು ಸೂಯೆಜ್ ಕಾಲುವೆಯನ್ನು ಕಾಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾವನ್ನು ವಶಪಡಿಸಿಕೊಂಡಿತು. ಅಕ್ಟೋಬರ್ 26ರಂದು ಅಲೆಪ್ಪೊ ಸಮೀಪದ ಹರಿತಾನ್‌ನಲ್ಲಿ ಹೋರಾಡಿತು.

ಎದುರಿಗಿದ್ದುದು ಉಸ್ಮಾನಿಯಾ ಸೇನೆ. ಅದರ ಸುಲ್ತಾನರೇ ಅಂದಿನ ಖಲೀಫರು. ಒಂದೇ ಕಿಬ್ಲಾದತ್ತ ಮುಖಮಾಡುವವರು ಎರಡೂ ಪಾಳೆಯಗಳಲ್ಲಿದ್ದರು. ಜಗತ್ತು ಮಹಾಯುದ್ಧವೆಂದು ಕರೆದದ್ದು ಉಮ್ಮತ್ತಿನ ಪಾಲಿಗೆ ಸೋದರರ ಕಾಳಗವೂ ಆಗಿತ್ತು.

ಅಂತಹ ಪೂರ್ವಜರೊಬ್ಬರ ಬದುಕನ್ನು ಅರಸುವವರು ಮನೆಯ ಪೆಟ್ಟಿಗೆಯಿಂದಲೇ ಆರಂಭಿಸಬೇಕು. ಯುದ್ಧಪದಕದ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹೆಸರು, ದಳವನ್ನು ಕೆತ್ತಿರುತ್ತಾರೆ. ಹಳೆಯ ಉರ್ದು ಕಾಗದಗಳಿದ್ದರೆ, ಅವನ್ನು ಓದಬಲ್ಲ ಹಿರಿಯರು ಬದುಕಿರುವಾಗಲೇ ಕನ್ನಡಕ್ಕೆ ಇಳಿಸಿಕೊಳ್ಳಬೇಕು. ಸಂಸ್ಥಾನದ ಕಡತಗಳು ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿವೆ. ಈಜಿಪ್ಟ್, ಫೆಲೆಸ್ತೀನ್ ರಣರಂಗಗಳಲ್ಲಿ ಮಡಿದು ಸಮಾಧಿಯ ಗುರುತೂ ಉಳಿಯದ ಭಾರತೀಯ ಸೈನಿಕರ ಹೆಸರುಗಳು ಕೈರೋದ ಹೀಲಿಯೊಪೊಲಿಸ್ ಸ್ಮಾರಕದಲ್ಲಿವೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿಯೂ ಅವನ್ನು ಹುಡುಕಬಹುದು.

ದೊರೆತ ಸತ್ಯವು ಹೆಮ್ಮೆಯನ್ನೂ ತರಬಹುದು, ನೋವನ್ನೂ ತರಬಹುದು. ಅವರ ನಿಯ್ಯತ್ತನ್ನು ಬಲ್ಲವನು ಅಲ್ಲಾಹನು ಮಾತ್ರ. ಕಂಡುದನ್ನು ಮುಚ್ಚದೆ, ಹಿಗ್ಗಿಸದೆ ಬರೆದಿಡುವುದು ನಮ್ಮ ಅಮಾನತ್ತು. ಅವರ ಮಗ್ಫಿರತ್ತಿಗಾಗಿ ದುಆ ಮಾಡುವುದು ನಮ್ಮ ಮೇಲಿರುವ ಅವರ ಹಕ್ಕು.